ಮುದ್ರಿತ ಮಂಡಲ ಫಲಕದ ಎಚಿಂಗ್: ಶಾಲಾ ಪ್ರಯೋಗಾಲಯದಲ್ಲಿ ಸ್ವಯಂಚಾಲನೆ

ವಿದ್ಯುತ್ತು ಹರಿಯದ ಹಲಗೆಯೊಂದಕ್ಕೆ ಅಂಟಿಸಿದ ತೆಳು ತಾಮ್ರದ ಹಾಳೆಯಲ್ಲಿ ಬೇಕಾದ ಹಾದಿಗಳನ್ನಷ್ಟೇ ಉಳಿಸಿ, ಮಿಕ್ಕ ತಾಮ್ರವನ್ನು ತೆಗೆದು ಸಿದ್ಧಪಡಿಸಿದ ಫಲಕಕ್ಕೆ ಮುದ್ರಿತ ಮಂಡಲ ಫಲಕ, ಬಳಕೆಯ ಮಾತಿನಲ್ಲಿ ಪಿಸಿಬಿ, ಎಂದು ಹೆಸರು. ರೇಡಿಯೋದಿಂದ ಮೊಬೈಲಿನವರೆಗೆ ಎಲ್ಲ ಎಲೆಕ್ಟ್ರಾನಿಕ್ ಉಪಕರಣಗಳಲ್ಲೂ ಬಿಡಿಭಾಗಗಳನ್ನು ಹೊತ್ತು, ಅವುಗಳ ನಡುವೆ ಸಂಪರ್ಕ ಕಲ್ಪಿಸುವುದು ಈ ಫಲಕವೇ. ಬೇಡದ ತಾಮ್ರವನ್ನು ರಾಸಾಯನಿಕ ದ್ರಾವಣದಲ್ಲಿ ಕರಗಿಸಿ ತೆಗೆಯುವ ಕ್ರಿಯೆ ಎಚಿಂಗ್. ಫಲಕ ತಯಾರಿಕೆಯ ಹಂತಗಳಲ್ಲೆಲ್ಲ ವಿದ್ಯಾರ್ಥಿಗೆ ಅತ್ಯಂತ ಕುತೂಹಲ ಹುಟ್ಟಿಸುವುದೂ, ಕಣ್ಣು, ಚರ್ಮ, ಬಟ್ಟೆ, ಚರಂಡಿ ಎಲ್ಲಕ್ಕೂ ಹೆಚ್ಚು ಅಪಾಯ ತರುವುದೂ ಇದೇ ಹಂತವಾದ್ದರಿಂದ, ಅದನ್ನು ಮಕ್ಕಳ ಕೈಯಿಂದ ಬಿಡಿಸಿ ಮುಚ್ಚಿದ ತೊಟ್ಟಿಯೊಂದಕ್ಕೂ ಅದನ್ನು ನಿಯಂತ್ರಿಸುವ ಸಣ್ಣ ಯಂತ್ರಕ್ಕೂ ಒಪ್ಪಿಸುವ ಪ್ರಯತ್ನಗಳು ಎಲೆಕ್ಟ್ರಾನಿಕ್ಸ್ ಶಿಕ್ಷಣದಲ್ಲಿ ನಡೆದುಬಂದಿವೆ. ನೀರು ಕಡಿಮೆಯಿರುವ, ಒಳಚರಂಡಿಯ ಬದಲು ಇಂಗುಗುಂಡಿಯನ್ನೇ ನಂಬಿರುವ ಬಯಲುಸೀಮೆಯ ಶಾಲೆಗಳಿಗೆ, ವಿಶೇಷವಾಗಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ, ಈ ವಿಷಯ ಉಳಿದ ಕಡೆಗಿಂತ ಹೆಚ್ಚು ಮಹತ್ವದ್ದು.

ಹಿನ್ನೆಲೆ

ಆಸ್ಟ್ರಿಯದಲ್ಲಿ ಹುಟ್ಟಿದ ಎಂಜಿನಿಯರ್ ಪಾಲ್ ಐಸ್ಲರ್ 1936ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮುದ್ರಣ ಕಲೆಯ ಕೊರೆತ ವಿಧಾನವನ್ನು ರೇಡಿಯೋ ಸೆಟ್ಟಿನ ತಂತಿ ಜೋಡಣೆಗೆ ಅಳವಡಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಡಿಗುಂಡುಗಳ ಫ್ಯೂಸುಗಳಲ್ಲಿ ಮುದ್ರಿತ ಮಂಡಲಗಳು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದವು. ಯುದ್ಧಾನಂತರ, 1949ರ ವೇಳೆಗೆ, ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಬಿಡಿಭಾಗಗಳ ಕಾಲುಗಳನ್ನು ಫಲಕದ ರಂಧ್ರಗಳಿಗೆ ತೂರಿಸಿ ಒಟ್ಟಿಗೆ ಬೆಸುಗೆ ಹಾಕುವ ವಿಧಾನ ರೂಪುಗೊಂಡ ಮೇಲೆ ಗೃಹೋಪಯೋಗಿ ಉಪಕರಣಗಳಿಗೂ ಈ ಫಲಕ ಪ್ರವೇಶ ಪಡೆಯಿತು.

ಕರ್ನಾಟಕದಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಬುನಾದಿ ಬಿದ್ದದ್ದು ಬೆಂಗಳೂರಿನಲ್ಲಿ 1948ರಲ್ಲಿ ದೂರವಾಣಿ ಕಾರ್ಖಾನೆಯೂ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸ್ಥಾಪನೆಯಾದಾಗ. ಶಿಕ್ಷಣದ ದೃಷ್ಟಿಯಿಂದ ಇವುಗಳಷ್ಟೇ ಮುಖ್ಯವಾದುದು 1974ರಲ್ಲಿ ಸ್ವಿಟ್ಜರ್ಲೆಂಡಿನ ಸಹಯೋಗದೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರ. ಸಿದ್ಧಾಂತದಲ್ಲಿ ಗಟ್ಟಿಯಾಗಿದ್ದರೂ ಕೈಯಿಂದ ಒಂದು ಉಪಕರಣವನ್ನು ಮಾಡಿ ಮುಗಿಸಲಾರದ ಪದವೀಧರರನ್ನು ತಿದ್ದುವುದು ಈ ಕೇಂದ್ರದ ಆಶಯಗಳಲ್ಲೊಂದಾಗಿತ್ತು. ಅಲ್ಲಿಯ ಬೋಧನಾನುಭವದಿಂದ ಮೂಡಿದ ವಾಲ್ಟರ್ ಬೊಸ್ಸಾರ್ಟನ ಮುದ್ರಿತ ಮಂಡಲ ಫಲಕಗಳ ಕುರಿತ ಗ್ರಂಥ 1983ರಲ್ಲಿ ಪ್ರಕಟವಾಗಿ ಭಾರತದ ತಾಂತ್ರಿಕ ಕಾಲೇಜುಗಳಲ್ಲಿ ಬಹುಕಾಲ ಪಠ್ಯವಾಗಿ ಬಳಕೆಯಲ್ಲಿತ್ತು. ಕೇಂದ್ರವು ಈಗ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗವೆಂಬ ಹೆಸರಿನಲ್ಲಿದೆ. ಮೈಸೂರು ಜಿಲ್ಲೆಯ ನಂಜನಗೂಡಿನಲ್ಲಿ ಆಸ್ಟ್ರಿಯದ ಎಟಿ ಅಂಡ್ ಎಸ್ ಕಂಪನಿ 1999ರಿಂದ ಫಲಕ ತಯಾರಿಕೆ ನಡೆಸುತ್ತಿದೆ. ಅಂಥ ಕಾರ್ಖಾನೆಗಳಲ್ಲಿ ಎಚಿಂಗ್ ಎಂಬುದು ಮನುಷ್ಯರ ಕೈಗೆ ದ್ರಾವಣ ತಾಕದಂತೆ, ಚಲಿಸುವ ಪಟ್ಟಿಯ ಮೇಲೆ ಸಾಗುವ ಫಲಕಗಳಿಗೆ ಮುಚ್ಚಿದ ಕೋಣೆಯೊಳಗೆ ದ್ರಾವಣವನ್ನು ಸಿಂಪಡಿಸಿ ಮುಗಿಸುವ ಕೆಲಸ. ಕಾರ್ಖಾನೆಯಲ್ಲಿ ನುರಿತ ಕೆಲಸಗಾರನಿಗೆ ಸಿಕ್ಕಿರುವ ಈ ರಕ್ಷಣೆ ಹದಿನಾರರ ವಿದ್ಯಾರ್ಥಿಗೆ ಇನ್ನೂ ಸಿಗದಿರುವುದು ಸರಿಯಲ್ಲ.

ಕಲಿಕೆಯ ನೆಲೆಗಳು

ಕೈಗಾರಿಕಾ ತರಬೇತಿ ಸಂಸ್ಥೆಗಳ ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ವೃತ್ತಿಯಲ್ಲಿ ಫಲಕ ತಯಾರಿಕೆ ಪ್ರಾಯೋಗಿಕ ಪಾಠದ ಭಾಗ. ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಲ್ಲಿ ಅದು ಯೋಜನಾ ಕಾರ್ಯದೊಂದಿಗೆ ಬರುತ್ತದೆ. ರಾಜ್ಯದ ಪದವಿಪೂರ್ವ ಶಿಕ್ಷಣದಲ್ಲಿ ಎಲೆಕ್ಟ್ರಾನಿಕ್ಸ್ ಒಂದು ಐಚ್ಛಿಕ ವಿಷಯ. ಇವುಗಳಿಗೆ ಈಚೆಗೆ ಸೇರಿಕೊಂಡದ್ದು 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ನಿನ ಟಿಂಕರಿಂಗ್ ಲ್ಯಾಬುಗಳು: ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗಿನ ಅನುದಾನ, ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಮೈಕ್ರೊಕಂಟ್ರೋಲರ್ ಕಿಟ್ಟುಗಳು, ಸಂವೇದಕಗಳು, ತ್ರೀಡಿ ಪ್ರಿಂಟರು. ಹೀಗೆ ಮೊದಲು ಹದಿನೆಂಟರ ಆಸುಪಾಸಿನವರ ಕೈಗೆ ಬರುತ್ತಿದ್ದ ಕೆಲಸ ಈಗ ಹನ್ನೆರಡು, ಹದಿಮೂರರ ಮಕ್ಕಳ ಹತ್ತಿರಕ್ಕೂ ಬಂದಿದೆ.

ಮಧುಗಿರಿ ಭಾಗದಲ್ಲಿ ಈ ಕಲಿಕೆಗೆ ಸ್ಥಳೀಯ ಕಾರಣಗಳೂ ಇವೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನಲ್ಲಿ ಸುಮಾರು 13,000 ಎಕರೆಯಲ್ಲಿ ಹಬ್ಬಿ, 2018ರಿಂದ ಹಂತ ಹಂತವಾಗಿ ಚಾಲನೆಗೊಂಡ 2,050 ಮೆಗಾವಾಟಿನ ಸೌರ ಪಾರ್ಕು, ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರುಗಳನ್ನೂ ಅವುಗಳೊಳಗಿನ ನಿಯಂತ್ರಣ ಫಲಕಗಳನ್ನೂ ನೆಚ್ಚಿ ನಡೆಯುತ್ತದೆ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶ ಕೊರಟಗೆರೆ, ಶಿರಾ ಕಡೆಯ ಯುವಕರಿಗೆ ದೂರವಲ್ಲ. ಕೊಳವೆಬಾವಿಯ ಸ್ಟಾರ್ಟರ್, ಮೊಬೈಲಿನಿಂದ ಮೋಟಾರು ಹಾಕುವ ಪೆಟ್ಟಿಗೆ, ತೂಕದ ಯಂತ್ರ, ಇವೆಲ್ಲದರ ದುರಸ್ತಿಯೂ ಊರೂರಿನ ಅಂಗಡಿಗಳ ಕಸುಬಾಗಿದೆ. ಫಲಕವೊಂದನ್ನು ತಾನೇ ಮಾಡಿದ ವಿದ್ಯಾರ್ಥಿ ಕೆಟ್ಟ ಫಲಕದ ಹಾದಿಯನ್ನು ಓದಬಲ್ಲ. ಮಾಡದವನಿಗೆ ಫಲಕ ಬದಲಿಸುವುದಷ್ಟೇ ಗೊತ್ತು. ಆದ್ದರಿಂದ ಎಚಿಂಗನ್ನು ಅಪಾಯದ ನೆಪದಲ್ಲಿ ಪಠ್ಯದಿಂದ ಪೂರ್ತಿ ಕೈಬಿಡುವುದು ನಷ್ಟದ ದಾರಿಯೇ ಹೌದು.

ಕೈಯಿಂದ ಮಾಡುವ ವಿಧಾನ ಮತ್ತು ಅದರ ಅಪಾಯ

ತರಗತಿಗಳಲ್ಲಿ ರೂಢಿಯಲ್ಲಿರುವ ಫಲಕವೆಂದರೆ 1.6 ಮಿಲಿಮೀಟರ್ ದಪ್ಪದ ಗ್ಲಾಸ್ ಎಪಾಕ್ಸಿ ಹಲಗೆ ಅಥವಾ ಅದಕ್ಕಿಂತ ಅಗ್ಗದ, ಕಂದು ಬಣ್ಣದ ಕಾಗದ ಫಿನಾಲಿಕ್ ಹಲಗೆ. ಎರಡರ ಮೇಲೂ ಸಾಮಾನ್ಯವಾಗಿ 35 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂವತ್ತೈದರಷ್ಟು ತೆಳುವಾದ ತಾಮ್ರ. ಉಳಿಯಬೇಕಾದ ಹಾದಿಗಳ ಮೇಲೆ ದ್ರಾವಣ ತಾಗದಂತೆ ಮರೆ ಹಾಕಬೇಕು. ಇದಕ್ಕೆ ಪರ್ಮನೆಂಟ್ ಮಾರ್ಕರಿನಿಂದ ಬರೆಯುವುದುಂಟು. ಲೇಸರ್ ಪ್ರಿಂಟರಿನಲ್ಲಿ ಹೊಳಪು ಕಾಗದದ ಮೇಲೆ ಅಚ್ಚು ತೆಗೆದು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಟೋನರನ್ನು ತಾಮ್ರಕ್ಕೆ ವರ್ಗಾಯಿಸುವುದುಂಟು. ಬೆಳಕಿಗೆ ಗಟ್ಟಿಯಾಗುವ ಹಾಳೆಯನ್ನು ಅಂಟಿಸಿ ಅತಿನೇರಳೆ ಕಿರಣಕ್ಕೆ ಒಡ್ಡುವುದೂ ಉಂಟು. ಮರೆ ಹಾಕಿದ ಫಲಕವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಹಾಕಿ ತಟ್ಟೆಯನ್ನು ಆ ಕಡೆ ಈ ಕಡೆ ತೂಗುತ್ತ ಕಾಯಬೇಕು. ತಣ್ಣನೆಯ ದ್ರಾವಣದಲ್ಲಿ ಅರ್ಧ ಗಂಟೆಯೂ ಹಿಡಿಯಬಹುದು. ದ್ರಾವಣ ಕಡುಗಂದು ಬಣ್ಣದ್ದಾಗಿರುವುದರಿಂದ ಒಳಗೇನಾಗುತ್ತಿದೆಯೆಂಬುದು ಕಾಣದು. ನೋಡಬೇಕೆಂದರೆ ಫಲಕವನ್ನು ಎತ್ತಬೇಕು, ಎತ್ತಿದಾಗಲೆಲ್ಲ ಹನಿ ಬೀಳುತ್ತದೆ. ತರಗತಿಯ ಅವಘಡಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಎತ್ತಿ ನೋಡುವ ಕ್ಷಣದಲ್ಲೇ.

ಫೆರಿಕ್ ಕ್ಲೋರೈಡ್ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪುಡಿಯಾಗಿ, ಹರಳಾಗಿ ಸಿಗುತ್ತದೆ. ನೀರಿಲ್ಲದ ಪುಡಿಯನ್ನು ಕರಗಿಸುವಾಗ ವಿಪರೀತ ಶಾಖವೂ ಹೈಡ್ರೊಕ್ಲೋರಿಕ್ ಆಮ್ಲದ ಹಬೆಯೂ ಏಳುವುದರಿಂದ ಪುಡಿಯನ್ನೇ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ದ್ರಾವಣ ಆಮ್ಲೀಯ; ಚರ್ಮವನ್ನು ಉರಿಸುತ್ತದೆ, ಕಣ್ಣಿಗೆ ಬಿದ್ದರೆ ಗಂಭೀರ ಗಾಯ ಮಾಡುತ್ತದೆ, ಬಿಳಿ ಸಮವಸ್ತ್ರದ ಮೇಲೆ ಹೋಗದ ಕಂದು ಕಲೆ ಬಿಡುತ್ತದೆ, ಅಲ್ಯುಮಿನಿಯಂ ಪಾತ್ರೆಯನ್ನೂ ಸ್ಟೀಲ್ ಸಿಂಕನ್ನೂ ತಿನ್ನುತ್ತದೆ. ಇನ್ನೊಂದು ಎಚಿಂಗ್ ಪದಾರ್ಥವಾದ ಸೋಡಿಯಂ ಪರ್ಸಲ್ಫೇಟ್ ಕಲೆ ಮಾಡುವುದಿಲ್ಲ. ಲೀಟರಿಗೆ ಸುಮಾರು 200ರಿಂದ 250 ಗ್ರಾಂ ಬೆರೆಸಿದರೆ ತಿಳಿಯಾದ ದ್ರಾವಣವಾಗಿ, ತಾಮ್ರ ಕರಗಿದಂತೆಲ್ಲ ನೀಲಿಗೆ ತಿರುಗುತ್ತದೆ. ಆದರೆ ತಿಳಿಯಾಗಿರುವುದೇ ಅದರ ದೊಡ್ಡ ಕೇಡು. ನೀರಿನ ಬಾಟಲಿಗಳು ಮೇಜಿನಿಂದ ಮೇಜಿಗೆ ಓಡಾಡುವ ತರಗತಿಯಲ್ಲಿ ಬಣ್ಣವಿಲ್ಲದ ವಿಷವೊಂದು ಖಾಲಿ ಬಾಟಲಿಯಲ್ಲಿ ಕೂತಿದ್ದರೆ ಯಾರೂ ಅನುಮಾನಿಸುವುದಿಲ್ಲ. ಅದನ್ನು ಬಿಗಿಯಾಗಿ ಮುಚ್ಚಿಟ್ಟರೆ ಆಮ್ಲಜನಕ ಬಿಡುಗಡೆಯಾಗುತ್ತ ಒತ್ತಡ ಏರಿ ಬಾಟಲಿ ಒಡೆಯುವ ಭಯವೂ ಇದೆ. ಹೈಡ್ರೊಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ಮೂರನೆಯ ವಿಧಾನ ಅತಿ ವೇಗದ್ದಾದರೂ ಉಸಿರುಗಟ್ಟಿಸುವ ಹಬೆಯ ಕಾರಣದಿಂದ ಶಾಲೆಗೆ ಖಂಡಿತ ತಕ್ಕುದಲ್ಲ.

ತಾಮ್ರದ ಲೆಕ್ಕ

ಯಂತ್ರದ ಮಾತಿಗೆ ಮೊದಲು ಕರಗಿದ ತಾಮ್ರ ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಬೇಕು. ಎಚಿಂಗಿನಲ್ಲಿ ಫೆರಿಕ್ ಕ್ಲೋರೈಡಿನ ಎರಡು ಪಾಲು ತಾಮ್ರದ ಒಂದು ಪಾಲಿನೊಂದಿಗೆ ವರ್ತಿಸಿ, ತಾನು ಫೆರಸ್ ಕ್ಲೋರೈಡಾಗಿ, ತಾಮ್ರವನ್ನು ಕರಗುವ ತಾಮ್ರದ ಕ್ಲೋರೈಡಾಗಿ ಮಾಡುತ್ತದೆ. ತಾಮ್ರ ಎಲ್ಲಿಯೂ ಮಾಯವಾಗಿರುವುದಿಲ್ಲ; ಹಾಳೆಯ ರೂಪ ಬಿಟ್ಟು ನೀರಿನಲ್ಲಿ ಸೇರಿಕೊಂಡಿರುತ್ತದೆ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಒಂದು ಬದಿಯ ಫಲಕದಲ್ಲಿ ಸುಮಾರು 3.1 ಗ್ರಾಂ ತಾಮ್ರವಿರುತ್ತದೆ. ಅದರಲ್ಲಿ ಅರ್ಧ ಕರಗಿತೆಂದುಕೊಂಡರೆ ಮೂವತ್ತು ವಿದ್ಯಾರ್ಥಿಗಳ ತರಗತಿ ತಲೆಗೊಂದು ಫಲಕದಂತೆ ಒಟ್ಟು 47 ಗ್ರಾಂ ತಾಮ್ರವನ್ನು ದ್ರಾವಣಕ್ಕೆ ಸೇರಿಸುತ್ತದೆ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಸ್ವೀಕಾರಾರ್ಹ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಈ ಸಡಿಲ ಮಿತಿಗೆ ಇಳಿಸಬೇಕಾದರೂ ಆ 47 ಗ್ರಾಂ ತಾಮ್ರಕ್ಕೆ 31,000 ಲೀಟರಿಗೂ ಹೆಚ್ಚು ನೀರು ಬೇಕು. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರುಗಳು ಆರು ಬಂದರೂ ಸಾಲದು. ಬಿಗಿ ಮಿತಿಗಾದರೆ ಒಂಬತ್ತು ಲಕ್ಷ ಲೀಟರು ಮೀರುತ್ತದೆ.

ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಪೀಡೆ ಹಳೆಯದು. ಹಲ್ಲು ಕಂದಾಗುವ, ಮೂಳೆ ಬಾಗುವ ಫ್ಲೋರೋಸಿಸ್ ಇಲ್ಲಿಯ ಹಳ್ಳಿಗಳಿಗೆ ಅಪರಿಚಿತವಲ್ಲ, ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದದ್ದೂ ಅದರಿಂದಲೇ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ಜಯಮಂಗಲಿ ವರ್ಷದ ಬಹುಪಾಲು ಮರಳಿನ ಹೊಳೆಯಾಗಿರುತ್ತದೆ. ಇಂಥ ನೆಲದಲ್ಲಿ ಬಳಸಿದ ದ್ರಾವಣಕ್ಕೆ ಎರಡು ಬಕೆಟ್ ನೀರು ಸೇರಿಸಿ ಕಾಂಪೌಂಡಿನ ಮೂಲೆಗೆ ಚೆಲ್ಲುವುದೆಂದರೆ, ಈಗಾಗಲೇ ಕಷ್ಟದಲ್ಲಿರುವ ಅಂತರ್ಜಲಕ್ಕೆ ಇನ್ನೊಂದು ಹೊರೆ ಹೊರಿಸಿದಂತೆ. ಶೌಚಾಲಯಕ್ಕೆ ಸುರಿಯುವುದು ಮತ್ತೂ ಕೆಟ್ಟದ್ದು. ಅಲ್ಲಿ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆಮ್ಲೀಯ ದ್ರಾವಣದೊಂದಿಗೆ ಸೇರಿ ಕ್ಲೋರಿನ್ ಅನಿಲ ಹೊರಬೀಳುತ್ತದೆ.

ಇದೇ ಲೆಕ್ಕದಲ್ಲಿ ಸಮಾಧಾನದ ಸಂಗತಿಯೂ ಒಂದಿದೆ. ಶೇಕಡ 40ರ ಸಾಂದ್ರತೆಯ ಒಂದು ಲೀಟರ್ ಫೆರಿಕ್ ಕ್ಲೋರೈಡ್ ತಾತ್ವಿಕವಾಗಿ ನೂರು ಗ್ರಾಂಗೂ ಮಿಕ್ಕಿ ತಾಮ್ರವನ್ನು ಕರಗಿಸಬಲ್ಲದು. ಅದರ ಅರ್ಧದಷ್ಟಾಗುವ ಹೊತ್ತಿಗೆ ವೇಗ ಕುಂದುತ್ತದೆಂದು ಹಿಡಿದರೂ ಇಡೀ ತರಗತಿಯ ಒಂದು ಸುತ್ತಿನ ಕೆಲಸಕ್ಕೆ ಸುಮಾರು ಒಂದು ಲೀಟರ್ ಸಾಕು. ತಟ್ಟೆ ತಟ್ಟೆಗೆ ಸುರಿದು, ಚೆಲ್ಲಿ, ಹೊಸದು ಬೆರೆಸುವ ರೂಢಿಯಲ್ಲಿ ಇದರ ಎಷ್ಟೋ ಪಟ್ಟು ವ್ಯರ್ಥವಾಗುತ್ತದೆ. ದ್ರಾವಣ ಒಂದೇ ತೊಟ್ಟಿಯಲ್ಲಿ ಉಳಿಯುವಂತೆ ಮಾಡುವುದರಲ್ಲೇ ಸುರಕ್ಷತೆಯ ಹೆಚ್ಚಿನ ಭಾಗ ಅಡಗಿದೆ, ಮತ್ತು ಸ್ವಯಂಚಾಲನೆಯ ನಿಜವಾದ ಪ್ರಯೋಜನವೂ ವೇಗಕ್ಕಿಂತ ಇದರಲ್ಲೇ ಇದೆ.

ಯಂತ್ರದ ರಚನೆ

ಶಾಲೆಗೆ ಒಗ್ಗುವ ಎಚಿಂಗ್ ಯಂತ್ರಗಳಲ್ಲಿ ತಟ್ಟೆಯನ್ನು ಮೋಟಾರಿನಿಂದ ತೂಗುವುದು ಅತಿ ಸರಳವಾದುದು, ದ್ರಾವಣವನ್ನು ಪಂಪಿನಿಂದ ಚಿಮ್ಮಿಸುವುದು ಅತಿ ವೇಗದ್ದು. ಇವೆರಡರ ನಡುವಿನದು ಗುಳ್ಳೆ ತೊಟ್ಟಿ: ನಿಂತ ಪುಸ್ತಕದಂತೆ ಎತ್ತರವಾಗಿಯೂ ಕಿರಿದಾಗಿಯೂ ಇರುವ ಪಾತ್ರೆಯಲ್ಲಿ ಫಲಕವನ್ನು ನೇರವಾಗಿ ಇಳಿಬಿಟ್ಟು, ತಳದಿಂದ ಗಾಳಿಯ ಗುಳ್ಳೆಗಳನ್ನೆಬ್ಬಿಸಿ ದ್ರಾವಣವನ್ನು ಕದಲಿಸುವ ವ್ಯವಸ್ಥೆ. ಬಾಯಿ ಕಿರಿದಾದ್ದರಿಂದ ಹಬೆ ಕಡಿಮೆ, ಚೆಲ್ಲುವುದೂ ಕಡಿಮೆ. ಗುಳ್ಳೆಗೆ ಮೀನಿನ ತೊಟ್ಟಿಯ ಗಾಳಿ ಪಂಪು ಸಾಕಾಗುತ್ತದೆ. ಪಂಪನ್ನು ದ್ರಾವಣದ ಮಟ್ಟಕ್ಕಿಂತ ಮೇಲಿಡದಿದ್ದರೆ ಕರೆಂಟು ಹೋದಾಗ ದ್ರಾವಣ ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಸೇರುತ್ತದೆ. ತಳದ ಗುಳ್ಳೆ ಕೊಳವೆಗೆ ಹನಿ ನೀರಾವರಿಯ ಪೈಪಿನ ತುಂಡಿಗೆ ಸೂಜಿಯಿಂದ ತೂತು ಹೊಡೆದು ಬಳಸಬಹುದು, ಪಾತ್ರೆಗೆ ಕೊಳವೆಬಾವಿಯ ಸಾಮಾನಿನ ಅಂಗಡಿಯ ಪಿವಿಸಿ ಪೈಪು, ಮುಚ್ಚಳಗಳು ಒದಗುತ್ತವೆ. ಶಿರಾ, ಮಧುಗಿರಿಗಳಲ್ಲಿ ಸಿಗದ ವಸ್ತು ಇದರಲ್ಲಿ ಹೆಚ್ಚೇನೂ ಇಲ್ಲ.

ಲೋಹದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಕಬ್ಬಿಣದ ಸ್ಕ್ರೂ, ಜಿಐ ತಂತಿ, ಸ್ಟೀಲ್ ಕ್ಲಿಪ್ಪು ಯಾವುದೂ ಫೆರಿಕ್ ಕ್ಲೋರೈಡಿನಲ್ಲಿ ಬಾಳುವುದಿಲ್ಲ. ಉಷ್ಣತೆ ಅಳೆಯಲು ಮಕ್ಕಳ ಕಿಟ್ಟುಗಳಲ್ಲಿ ಬರುವ ಡಿಎಸ್18ಬಿ20 ಎಂಬ ಜಲನಿರೋಧಕ ಸಂವೇದಕ ಅರ್ಧ ಡಿಗ್ರಿಯಷ್ಟು ನಿಖರವಾದುದು. ಆದರೆ ಅದರ ತುದಿಯ ಕವಚ ಸ್ಟೀಲಿನದು. ನೇರವಾಗಿ ಮುಳುಗಿಸಿದರೆ ಕವಚ ಸವೆದು ದ್ರಾವಣ ಒಳಹೊಕ್ಕು ಸಂವೇದಕ ತಪ್ಪು ಅಂಕಿ ತೋರಿಸಬಹುದು, ಅದನ್ನು ನಂಬಿ ಹೀಟರ್ ಕಾಯುತ್ತಲೇ ಹೋಗಬಹುದು. ರಸಾಯನಶಾಸ್ತ್ರ ಪ್ರಯೋಗಾಲಯದ ಗಾಜಿನ ಪ್ರನಾಳವೊಂದರಲ್ಲಿ ಸ್ವಲ್ಪ ಎಣ್ಣೆ ಹಾಕಿ, ಸಂವೇದಕವನ್ನು ಅದರೊಳಗಿಟ್ಟು ಪ್ರನಾಳವನ್ನು ದ್ರಾವಣಕ್ಕಿಳಿಸುವುದು ಇದಕ್ಕೆ ಸುಲಭದ ಪರಿಹಾರ. ಹೀಟರೂ ಗಾಜಿನ ಹೊದಿಕೆಯದೇ ಆಗಿರಬೇಕು. ದ್ರಾವಣ 40ರಿಂದ 45 ಡಿಗ್ರಿಯಲ್ಲಿದ್ದರೆ ಗುಳ್ಳೆ ತೊಟ್ಟಿಯಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಕೆಲಸ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಹಬೆ ಹೆಚ್ಚುತ್ತದೆಯೇ ಹೊರತು ಕಲಿಕೆಗೆ ಲಾಭವಿಲ್ಲ. ಪಾವಗಡದ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಹೀಟರಿನ ಅಗತ್ಯವೇ ಬೀಳದೆಯೂ ಇರಬಹುದು.

ನಿಯಂತ್ರಣದ ಕೆಲಸ ಆರ್ಡುಯಿನೊ ಮಾದರಿಯ ಮೈಕ್ರೊಕಂಟ್ರೋಲರಿನದು. ಉಷ್ಣತೆಯನ್ನು ಓದಿ ಹೀಟರನ್ನು ಹಾಕಿ ತೆಗೆಯುವುದು, ಫಲಕ ಹಿಡಿದ ತೋಳನ್ನು ಸರ್ವೊ ಮೋಟಾರಿನಿಂದ ಇಳಿಸಿ ಎತ್ತುವುದು, ಮುಚ್ಚಳದಲ್ಲಿ ಕೂರಿಸಿದ ಅಯಸ್ಕಾಂತದ ಸ್ವಿಚ್ಚಿನಿಂದ ಮುಚ್ಚಳ ತೆರೆದಿದೆಯೇ ಎಂದು ಅರಿತು ಎಲ್ಲವನ್ನೂ ನಿಲ್ಲಿಸುವುದು, ಸಮಯ ಮುಗಿದಾಗ ಫಲಕವನ್ನು ತೊಟ್ಟಿಯ ಮೇಲೆಯೇ ಒಂದೆರಡು ನಿಮಿಷ ಸೋರಲು ಬಿಟ್ಟು ಗಂಟೆ ಬಾರಿಸುವುದು ಅದರ ಕರ್ತವ್ಯಗಳು. ಎಚಿಂಗ್ ಯಾವಾಗ ಮುಗಿಯಿತೆಂದು ತಾನೇ ತಿಳಿಯುವ ಯಂತ್ರವನ್ನೂ ಕಟ್ಟಬಹುದು. ಪರ್ಸಲ್ಫೇಟ್ ತಿಳಿಯಾಗಿರುವುದರಿಂದ ಅದರಲ್ಲಿ ಬಣ್ಣದ ಸಂವೇದಕ ತಾಮ್ರದ ಕೆಂಪು ಮಾಯವಾದುದನ್ನು ತೊಟ್ಟಿ ಪಾರದರ್ಶಕವಾಗಿದ್ದರೆ ಹೊರಗಿನಿಂದಲೇ ಗುರುತಿಸಬಲ್ಲದು. ಫೆರಿಕ್ ಕ್ಲೋರೈಡಿನಲ್ಲಾದರೆ ಫಲಕವನ್ನು ಆಗಾಗ ಎತ್ತಿ ನೋಡುವ ಕೆಲಸವನ್ನು ತೋಳಿಗೇ ವಹಿಸಬೇಕು. ಹೊತ್ತು ಮೀರಿದರೆ ದ್ರಾವಣ ಮರೆಯ ಅಂಚಿನ ಅಡಿಗೂ ನುಗ್ಗಿ ಹಾದಿಗಳನ್ನು ಪಕ್ಕದಿಂದ ತಿನ್ನುವುದರಿಂದ, ಶಾಲಾ ಫಲಕಗಳಲ್ಲಿ ಹಾದಿಯ ಅಗಲ ಒಂದು ಮಿಲಿಮೀಟರಿಗೆ ಕಡಿಮೆಯಾಗದಂತೆ ವಿನ್ಯಾಸ ಮಾಡುವುದು ಒಳ್ಳೆಯದು.

ಕರೆಂಟು ಹೋಗುವುದು ಈ ಭಾಗದಲ್ಲಿ ಅಪರೂಪವಲ್ಲವಾದ್ದರಿಂದ, ಹೋದಾಗ ಯಂತ್ರ ಯಾವ ಸ್ಥಿತಿಗೆ ಬರುತ್ತದೆಂಬುದನ್ನು ವಿನ್ಯಾಸದಲ್ಲೇ ತೀರ್ಮಾನಿಸಬೇಕು. ತೋಳಿಗೆ ಸ್ಪ್ರಿಂಗ್ ಅಥವಾ ಎದುರು ತೂಕ ಕಟ್ಟಿ, ವಿದ್ಯುತ್ತಿದ್ದಾಗ ಮಾತ್ರ ಅದು ಕೆಳಗಿರುವಂತೆ ಮಾಡಿದರೆ ಕರೆಂಟು ಹೋದೊಡನೆ ಫಲಕ ತಾನಾಗಿ ಮೇಲೇಳುತ್ತದೆ. ಕರೆಂಟು ಮರಳಿದಾಗ ಯಂತ್ರ ತಾನಾಗಿ ಹೊರಡಬಾರದು. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿರುವ ನೋ ವೋಲ್ಟ್ ಕಾಯಿಲ್ ಈ ಕೆಲಸಕ್ಕೆಂದೇ ಇರುವುದು. ರಾತ್ರಿ ಯಾವ ಹೊತ್ತಿಗೋ ಬರುವ ಕರೆಂಟಿಗೆ ಮೋಟಾರು ತಾನೇ ಹೊರಡಲೆಂದು ರೈತರು ಅದಕ್ಕೆ ಆಟೊ ಸ್ವಿಚ್ ಹಾಕಿಸುತ್ತಾರೆ. ಅವರ ಅನಿವಾರ್ಯತೆ ಬೇರೆ. ಯಾರೂ ಇಲ್ಲದ ಪ್ರಯೋಗಾಲಯದಲ್ಲಿ ಹೀಟರ್ ತಾನಾಗಿ ಹತ್ತಿಕೊಳ್ಳುವ ಏರ್ಪಾಡು ಶಾಲೆಗೆ ಎಂದೂ ಸಲ್ಲದು. ಇದಲ್ಲದೆ, ತಂತ್ರಾಂಶ ಕೈಕೊಟ್ಟರೂ ಹೀಟರನ್ನು ಕಡಿದುಹಾಕುವ ಪ್ರತ್ಯೇಕ ಉಷ್ಣ ಫ್ಯೂಸು, 30 ಮಿಲಿಆಂಪಿಯರಿನ ಸೋರಿಕೆಗೇ ಲೈನನ್ನು ಕಡಿಯುವ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಇಡೀ ದ್ರಾವಣ ಸೋರಿದರೂ ಹಿಡಿದಿಡಬಲ್ಲ ಹೊರತಟ್ಟೆ ಇವಿಷ್ಟೂ ಇರಲೇಬೇಕು. ಕೇವಲ ಪ್ರೋಗ್ರಾಮಿನ ಮೇಲೆ ಭಾರ ಹಾಕಿದ ಸುರಕ್ಷತೆ ಸುರಕ್ಷತೆಯೇ ಅಲ್ಲ.

ಯಂತ್ರಕ್ಕೆ ನೀಗದ ಕೆಲಸ

ಯಂತ್ರ ಬಂದ ಮಾತ್ರಕ್ಕೆ ಕನ್ನಡಕ, ಕೈಗವಸು, ಗಾಳಿಯಾಡುವ ಕಿಟಕಿ ಬೇಡವಾಗುವುದಿಲ್ಲ. ಕಣ್ಣಿಗೆ ಹನಿ ಬಿದ್ದರೆ ಹದಿನೈದು ನಿಮಿಷ ಬಿಡದೆ ನೀರು ಹರಿಸಿ ತೊಳೆದು, ಆಮೇಲೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕಣ್ಣು ತೊಳೆಯುವ ಸಾಧನಗಳ ಅಂತರರಾಷ್ಟ್ರೀಯ ರೂಢಿಯಂತೆ ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಇದಕ್ಕೆ ಸುಮಾರು 23 ಲೀಟರ್ ನೀರು ಬೇಕು. ನಲ್ಲಿಯಲ್ಲಿ ನೀರು ಬರುವುದನ್ನು ನಂಬಲಾಗದ ಶಾಲೆಯಲ್ಲಿ ಶುದ್ಧ ನೀರಿನ ಘಟಕದ 20 ಲೀಟರಿನ ಎರಡು ಕ್ಯಾನುಗಳನ್ನು ನಲ್ಲಿ ಜೋಡಿಸಿ, ಬೇರೆ ಯಾವುದಕ್ಕೂ ಬಳಸದಂತೆ, ಯಂತ್ರದ ಪಕ್ಕದಲ್ಲೇ ಇಡುವುದು ಮೊದಲ ಷರತ್ತು.

ಬಳಸಿ ಮುಗಿದ ದ್ರಾವಣದ ವಿಲೇವಾರಿ ಇದಕ್ಕಿಂತ ಕಠಿಣ. ವಾಷಿಂಗ್ ಸೋಡಾವನ್ನು ನಿಧಾನವಾಗಿ ಸೇರಿಸುತ್ತ ಆಮ್ಲೀಯತೆಯನ್ನು ಕಳೆದು, ಪಿಎಚ್ ಕಾಗದದಲ್ಲಿ ಎಂಟರಿಂದ ಒಂಬತ್ತಕ್ಕೆ ತಂದರೆ ಕಬ್ಬಿಣವೂ ತಾಮ್ರವೂ ಕೆಸರಾಗಿ ತಳಕ್ಕಿಳಿಯುತ್ತವೆ. ಆದರೆ ಸಾಂದ್ರ ದ್ರಾವಣದ ಒಂದು ಲೀಟರಿಗೆ ಅರ್ಧ ಕಿಲೋಗ್ರಾಂಗಿಂತ ಹೆಚ್ಚು ಸೋಡಾ ಬೇಕು, ನೊರೆ ಉಕ್ಕಿ ಬರುತ್ತದೆ, ಉಳಿದ ಕೆಸರು ಆಗಲೂ ಅಪಾಯಕಾರಿ ತ್ಯಾಜ್ಯವೇ. ಒಂದೊಂದು ಶಾಲೆಯೂ ಇದನ್ನು ಮಾಡುವ ಬದಲು, ಗುರುತು ಪಟ್ಟಿ ಅಂಟಿಸಿದ ದಪ್ಪ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ದ್ರಾವಣವನ್ನು ಸಂಗ್ರಹಿಸಿ ತಾಲ್ಲೂಕಿಗೊಂದರಂತೆ ಐಟಿಐ ಅಥವಾ ಪಾಲಿಟೆಕ್ನಿಕ್ಕಿಗೆ ಒಪ್ಪಿಸಿ, ಅಲ್ಲಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಸ್ಕರಣಾ ನೆಲೆಗೆ ಸಾಗಿಸುವುದು ವಿವೇಕ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಗೊಡುವುದಿಲ್ಲ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಅಂಥ ನೆಲೆಯೊಂದಿದ್ದು, ಮಧುಗಿರಿಯಿಂದ ಕೊರಟಗೆರೆಯ ಮೂಲಕ ಹೋಗುವ ರಸ್ತೆ ನೇರವಾಗಿ ಆ ಊರನ್ನೇ ಸೇರುತ್ತದೆ. ದೂರದ ಜಿಲ್ಲೆಗಳ ಶಾಲೆಗಳಿಗೆ ಇಲ್ಲದ ಅನುಕೂಲ ಇದು.

ಬೋಧನೆಯ ದೃಷ್ಟಿ

ಸ್ವಯಂಚಾಲನೆಯ ವಿರುದ್ಧ ಕೇಳಿಬರುವ ಆಕ್ಷೇಪವೆಂದರೆ ಗುಂಡಿ ಒತ್ತಿ ಫಲಕ ಪಡೆಯುವ ವಿದ್ಯಾರ್ಥಿ ರಸಾಯನ ಕ್ರಿಯೆಯನ್ನು ನೋಡುವುದೇ ಇಲ್ಲವೆಂಬುದು. ಆಕ್ಷೇಪದಲ್ಲಿ ಹುರುಳಿದೆ. ಸಿದ್ಧ ಯಂತ್ರವನ್ನು ಕೊಂಡು ತಂದು ಬೀಗ ಹಾಕಿಟ್ಟರೆ ಅದು ನಿಜವಾಗುತ್ತದೆ. ಯಂತ್ರವನ್ನು ಮಕ್ಕಳೇ ಕಟ್ಟಿದರೆ ಪಾಠ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಸಮಯ ಎಷ್ಟು ಇಳಿಯಿತು, ಗುಳ್ಳೆ ನಿಲ್ಲಿಸಿದರೆ ಫಲಕದ ಯಾವ ಭಾಗ ಹಿಂದೆ ಬಿತ್ತು, ಇಪ್ಪತ್ತನೆಯ ಫಲಕಕ್ಕೆ ಮೊದಲ ಫಲಕಕ್ಕಿಂತ ಎಷ್ಟು ನಿಮಿಷ ಹೆಚ್ಚು ಹಿಡಿಯಿತು ಎಂಬುದನ್ನೆಲ್ಲ ಯಂತ್ರವೇ ದಾಖಲಿಸುವುದರಿಂದ ಕ್ರಿಯಾವೇಗದ ಪಾಠ ಗಣಿತದ ನಕ್ಷೆಯಾಗಿ ಕೈಗೆ ಬರುತ್ತದೆ. ಕರಗಿದ ತಾಮ್ರದ ಲೆಕ್ಕ ಬರೆಯುವ ಪುಸ್ತಕವೊಂದು ಯಂತ್ರದ ಪಕ್ಕದಲ್ಲಿದ್ದರೆ ಪರಿಸರದ ಪಾಠವೂ ಅಲ್ಲೇ ನಡೆಯುತ್ತದೆ. ಮೊದಲ ಸಲ ದ್ರಾವಣದ ಬದಲು ಬಣ್ಣದ ನೀರು ತುಂಬಿ ಯಂತ್ರವನ್ನು ಓಡಿಸಿ, ಕರೆಂಟು ಕಿತ್ತು, ಮುಚ್ಚಳ ತೆರೆದು, ಸಂವೇದಕದ ತಂತಿ ಬಿಚ್ಚಿ ಅದು ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸುವುದು ತರಗತಿಯ ಅತ್ಯುತ್ತಮ ಅಭ್ಯಾಸ. ಶಿಕ್ಷಕರ ತರಬೇತಿಯೇ ಇದರಲ್ಲಿ ಕಷ್ಟದ ಭಾಗ. ಶಿರಾ, ಪಾವಗಡಗಳ ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರವು ಗ್ರಾಮೀಣ ಶಾಲಾ ಕಾಲೇಜುಗಳ ಶಿಕ್ಷಕರಿಗೆ ವಿಜ್ಞಾನ ಪ್ರಯೋಗಗಳಲ್ಲಿ ತರಬೇತಿ ನೀಡುತ್ತ ಬಂದಿದ್ದು, ಈ ವಿಷಯಕ್ಕೂ ಅದು ಸಹಜವಾದ ಜಾಗವಾಗಬಲ್ಲದು.

ರಾಸಾಯನಿಕವೇ ಬೇಡವೆನ್ನುವವರಿಗೆ ಸಣ್ಣ ಸಿಎನ್‌ಸಿ ಯಂತ್ರವಿದೆ; ಚೂಪಾದ ತುದಿಯಿಂದ ಹಾದಿಗಳ ಸುತ್ತಲಿನ ತಾಮ್ರವನ್ನು ಕೆರೆದು ತೆಗೆಯುವ ಅದು ದ್ರವತ್ಯಾಜ್ಯ ಬಿಡುವುದಿಲ್ಲವಾದರೂ ಗಾಜಿನ ನಾರಿನ ಧೂಳೆಬ್ಬಿಸುವುದರಿಂದ ಮುಚ್ಚಿದ ಪೆಟ್ಟಿಗೆ, ಧೂಳು ಹೀರುವ ಯಂತ್ರ ಅದಕ್ಕೂ ಬೇಕು. ಬ್ರೆಡ್‌ಬೋರ್ಡು, ಸಾಲು ಸಾಲು ತೂತುಗಳಿರುವ ಜೀರೋ ಬೋರ್ಡು ಆರಂಭದ ಕಲಿಕೆಗೆ ಧಾರಾಳ ಸಾಕು. ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಮಾಡಿ ಕಾರ್ಖಾನೆಗೆ ಕಳಿಸಿ ಫಲಕ ತರಿಸಿಕೊಳ್ಳುವುದೂ ಈಗ ಸುಲಭ, ಮತ್ತು ಉದ್ಯಮದ ಇಂದಿನ ರೀತಿ ಅದೇ.

ಆರರಿಂದ ಎಂಟನೆಯ ತರಗತಿಯವರೆಗೆ ಜೀರೋ ಬೋರ್ಡಿಗಿಂತ ಮುಂದೆ ಹೋಗುವ ಅಗತ್ಯವಿಲ್ಲ. ಅದರಿಂದ ಮೇಲೆ, ಮುಚ್ಚಿದ ತೊಟ್ಟಿ, ಕಣ್ಣು ತೊಳೆಯುವ ನೀರು ಮತ್ತು ಬಳಸಿದ ದ್ರಾವಣವನ್ನು ಒಯ್ಯುವವರ ಲಿಖಿತ ಒಪ್ಪಿಗೆ, ಈ ಮೂರೂ ಇದ್ದ ಪ್ರಯೋಗಾಲಯದಲ್ಲಿ ಮಾತ್ರ ಎಚಿಂಗ್ ನಡೆಯಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ವರ್ಷದ ಮಟ್ಟಿಗೆ ಫಲಕಗಳನ್ನು ಕಾರ್ಖಾನೆಯಿಂದ ತರಿಸಿಕೊಳ್ಳುವುದೇ ಸರಿ.